ಇಪ್ಪತ್ತೊಂದು ದಿನ ನೀರು

ದೇವರಾಜ ಅರಸು ಬಡಾವಣೆ,
ದಾವಣಗೆರೆ
17-6-1998, ಬುಧವಾರ

ಪ್ರೀತಿಯ ವಾಣಿ,

ನಿನ್ನ ಕಾಗದ ಸೋಮವಾರ ಕೈಸೇರಿತು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ; ನನ್ನ ವಿಚಾರ ಇದನ್ನು ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು. ಪೋಸ್ಟಿಗೆ ಹಾಕಿದರೆ ಭಾನುವಾರದೊಳಗೆ ತಲುಪುತ್ತದೋ ಇಲ್ಲವೋ ಎಂದು ನಮ್ಮ ಮನೆಯವರ ಕೈಯಲ್ಲೇ ಕಳಿಸುತ್ತಿದ್ದೇನೆ. ಹೇಗೂ ಅವರು ದಿನಾ ಹರಿಹರದ ಕಾರ್ಖಾನೆಗೆ ಬರುವವರು. ಅಂಟು ಹಚ್ಚಿಯೇ ಕೊಡುತ್ತೇನೆ, ಹನುಮೇಶ್ ಬಿಚ್ಚಿ ನೋಡುವವರಲ್ಲ.

ನೀನು ಬರೆದದ್ದು ಮೂರು ಮಾತು. ಶಾಮನೂರಿನ ಮಾದರಿ ಮನೆಯ ಉತ್ತರದ ಗೋಡೆ ಮೊದಲ ಮಳೆಗೇ ಉದುರಿದ್ದಕ್ಕೆ ಮೇಸ್ತ್ರಿ ಇಮಾಮ್ ಸಾಬರು ಸಿಮೆಂಟು ಕದ್ದದ್ದೇ ಕಾರಣ ಅಂತ ಒಂದು. ಅವರನ್ನು ಬಿಡಿಸಿ, ಇನ್ನು ಯಾವ ಊರಿನ ಕಟ್ಟಡ ಕೇಂದ್ರದವರೂ ಅವರನ್ನು ಕರೆಯದ ಹಾಗೆ ಬರೆದು ಹಾಕುತ್ತೀ ಅಂತ ಇನ್ನೊಂದು. ಭಾನುವಾರ ಮಂಡಕ್ಕಿ ಭಟ್ಟಿ ಕೆಲಸಗಾರರ ಸಂಘದ ಸಭೆಯಲ್ಲಿ ನಾನು ಎದ್ದು ನಿಂತು, ಇಟ್ಟಿಗೆಗೆ ಇಪ್ಪತ್ತೊಂದು ದಿನವೂ ನೀರು ಬಿದ್ದಿದೆ, ತಾರೀಖು ಬರೆದವಳು ನಾನೇ, ಎಂದು ಹೇಳಬೇಕು ಅಂತ ಮೂರನೆಯದು. ನನ್ನೊಬ್ಬಳ ಮಾತಿನ ಮೇಲೆ ಆ ನಲವತ್ತು ಮನೆ ನಿಂತಿವೆ ಎಂದು ಕೊನೆಗೆ ಗೀಟು ಬೇರೆ ಎಳೆದಿದ್ದೀ.

ನಾನು ಹಾಗೆ ಹೇಳಲಾರೆ. ಇಮಾಮ್ ಸಾಬರು ಒಂದು ಬೊಗಸೆ ಸಿಮೆಂಟೂ ಕದ್ದಿಲ್ಲ. ಅವರನ್ನು ಬಿಡಿಸಬೇಡ. ಮುಂದಿನದನ್ನು ಓದುತ್ತ ನೀನು ಸಿಟ್ಟಿನಲ್ಲಿ ಕಾಗದ ಹರಿದು ಹಾಕಿದರೂ ಇಷ್ಟಾದರೂ ಗೊತ್ತಾಗಿರಲಿ ಎಂದು ಇದನ್ನು ಮೊದಲೇ ಬರೆದಿದ್ದೇನೆ.

ಇನ್ನು ನನ್ನ ಮಾತು. ವಾಣಿ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ. ಅಗ್ಗದಲ್ಲಿ ಮನೆ ಕಟ್ಟಿಸಿಕೊಡುವ ಹರಿಹರದ ಕಟ್ಟಡ ಕೇಂದ್ರಕ್ಕೆ ನೀನು ಸೇರಿದೆ ಎಂದು ಕೇಳಿದ ದಿನ ಪಾಯಸ ಮಾಡಿ ಎಲ್ಲರಿಗೂ ಬಡಿಸಿದೆ, ನನ್ನ ಬಾಯಿಗೆ ಒಂದು ಚಮಚವೂ ಹೋಗಲಿಲ್ಲ.

ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ತರಗತಿಗೆ ನಾವಿಬ್ಬರೇ ಹುಡುಗಿಯರು. ನೀನು ಪೇಟೆಯ ವ್ಯಾಪಾರಸ್ಥರ ಮಗಳು, ರಿಕ್ಷಾದಲ್ಲಿ ಬರುತ್ತಿದ್ದೆ. ನಾನು ಕೊಕ್ಕನೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದವಳು. ನಿನ್ನ ಡ್ರಾಯಿಂಗ್ ಹಾಳೆಗೆ ಅಕ್ಷರ ಬರೆದುಕೊಡುತ್ತಿದ್ದವಳು ನಾನು. ಭಾರದ ಲೆಕ್ಕದ ಪೇಪರಿನಲ್ಲಿ ನೀನು ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲಕ್ಕೆ ಹಾಸ್ಟೆಲ್ ಮೆಟ್ಟಿಲ ಮೇಲೆ ಕುಳಿತು ಅತ್ತದ್ದು ನೆನಪಿದೆಯೇ? ಆವತ್ತು ನಾನು ಬುತ್ತಿಯಿಂದ ಜೋಳದ ರೊಟ್ಟಿ ತೆಗೆದು ಎರಡು ಕೈಯಲ್ಲಿ ಹಿಡಿದು ನಡುವನ್ನು ಕೆಳಕ್ಕೆ ಬಾಗಿಸಿ ತೋರಿಸಿದೆ. ನೋಡು, ಮೇಲ್ಮೈ ಒತ್ತಿಕೊಳ್ಳುತ್ತದೆ, ಅಡಿಮೈ ಬಿರಿಯುತ್ತದೆ. ಸೂರೂ ಹೀಗೆಯೇ. ಮೇಲೆ ಕಾಂಕ್ರೀಟು ಕೆಲಸ ಮಾಡುತ್ತದೆ, ಅಡಿಯಲ್ಲಿ ಕಬ್ಬಿಣ ಹಿಡಿದುಕೊಳ್ಳುತ್ತದೆ, ಕಬ್ಬಿಣದ ನಡುವಿನ ಕಾಂಕ್ರೀಟು ಸುಮ್ಮನೆ ಭಾರ. ಅಲ್ಲಿ ಬೇರೆ ಏನನ್ನಾದರೂ ತುಂಬಬಹುದು ಎಂದೆ. ನೀನು ಅಳು ನಿಲ್ಲಿಸಿ ಆ ರೊಟ್ಟಿ ತಿಂದೆ. ಪಾಸೂ ಆದೆ.

ನಾನು ಮೊದಲ ಸ್ಥಾನ ಬಂದೆ. ಬಂದು ಏನಾಯಿತು, ಮದುವೆಯಾದೆ. ಸೊಸೆ ಗಾರೆ ಕೆಲಸದವರ ನಡುವೆ ನಿಲ್ಲುವುದು ಬೇಡ ಎಂದರು ಮಾವನವರು. ಹನುಮೇಶ್ ಕೆಟ್ಟವರಲ್ಲ, ಆದರೆ ನಿನಗ್ಯಾಕ ಆ ಬಿಸಿಲಾಗಿನ ಕೆಲಸ ಎಂದು ಪ್ರೀತಿಯಿಂದಲೇ ಕೇಳಿ ಕೈ ತೊಳೆದುಕೊಂಡರು. ಡ್ರಾಯಿಂಗ್ ಹಲಗೆ ಮಂಚದ ಅಡಿಗೆ ಹೋಯಿತು. ಈಗ ಅದರ ಮೇಲೆ ಸಂಡಿಗೆ ಒಣಗುತ್ತವೆ.

ಈ ನಮ್ಮ ಮನೆಯ ನಕ್ಷೆ ಬರೆದವಳೂ ನಾನೇ. ಎದುರುಬದುರು ಕಿಟಕಿ ಇಟ್ಟು, ಪಶ್ಚಿಮಕ್ಕೆ ಅಗಲದ ಸಜ್ಜಾ ಬರೆದಿದ್ದೆ. ಗುತ್ತಿಗೆದಾರ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಪಕ್ಕದ ಮನೆಯ ಹಾಗೆಯೇ ಕಟ್ಟಿ ಹೋದ. ನೀನು ಬಂದಾಗಲೆಲ್ಲ ತಲೆ ಎತ್ತಿ ನಮ್ಮ ಸೂರು ನೋಡುತ್ತೀ, ಏನೂ ಹೇಳುವುದಿಲ್ಲ. ಅದನ್ನೇ ನನಗೆ ತಡೆಯಲಾಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಫ್ಯಾನು ಹಾಕಿದರೆ ಭಟ್ಟಿಯ ಬಾಯಿಗೆ ಕುಳಿತ ಹಾಗಾಗುತ್ತದೆ. ಆದರೂ ನೀನು ಕೇಳಿದಾಗ ಎಷ್ಟಾದರೂ ಕಾಂಕ್ರೀಟು ಕಾಂಕ್ರೀಟೇ ಕಣೆ ಎಂದು ನಕ್ಕಿದ್ದೇನೆ.

ಜನವರಿಯಲ್ಲಿ ನೀನು ಭಟ್ಟಿಯವರಿಗೆ ಮನೆ ಕಟ್ಟುವ ಕೆಲಸ ಹಿಡಿದುಕೊಂಡು ಬಂದೆ. ದಾವಣಗೆರೆ ಜಿಲ್ಲೆಯಾದದ್ದೇ ತಡ, ಜಾಗದ ಬೆಲೆಗೆ ಕೋಡು ಬಂದಿತ್ತು, ಸಿಮೆಂಟು ಕಬ್ಬಿಣವನ್ನು ಕೇಳುವ ಹಾಗೇ ಇರಲಿಲ್ಲ. ಸಂಘದ ಅಧ್ಯಕ್ಷ ರಾಮಚಂದ್ರಪ್ಪನವರ ಲೆಕ್ಕದಲ್ಲಿ ಇದ್ದ ದುಡ್ಡಿಗೆ ಹದಿನೆಂಟು ಮನೆ, ಕಾದವರು ನಲವತ್ತು. ನೀನು ನಲವತ್ತೂ ಆಗುತ್ತವೆ ಎಂದೆ. ಅಲ್ಲಿಯದೇ ಕೆಂಪು ಮಣ್ಣು, ನೂರಕ್ಕೆ ಆರು ಪಾಲು ಸಿಮೆಂಟು, ಕೈಯಲ್ಲಿ ಒತ್ತುವ ಯಂತ್ರ, ಸೂರಿನೊಳಗೆ ಹಳೆಯ ಹೆಂಚು. ಸುಡಬೇಕಾಗಿಲ್ಲ, ಸೌದೆ ಬೇಡ. ಒಂದೇ ಕರಾರು ಏನೆಂದರೆ ಒತ್ತಿದ ಇಟ್ಟಿಗೆಯನ್ನು ಅಟ್ಟಿಯಾಗಿ ಜೋಡಿಸಿ, ಭತ್ತದ ಹುಲ್ಲು ಹೊದಿಸಿ, ಇಪ್ಪತ್ತೊಂದು ದಿನ ಒಣಗಲು ಬಿಡದೆ ನೀರು ಹಾಕಬೇಕು. ಮೊದಲೇ ತೆಗೆದರೆ ಅದು ನೋಡಲು ಇಟ್ಟಿಗೆ, ಒಳಗೆ ಬರೀ ಹೆಂಟೆ.

ಆವತ್ತು ಸಂಘದ ಸಭೆಯಲ್ಲಿ ಭಟ್ಟಿಯ ಉಡಚಮ್ಮ ಎದ್ದು ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಮಣ್ಣಿನ ಮನಿ ಬಿಟ್ಟು ಬರಾಕೇ ನಾವು ಸಿಟಿಗೆ ಬಂದೀವ್ರಿ ಅಕ್ಕಾ. ಇಲ್ಲೂ ಮತ್ತ ಮಣ್ಣೇ ಏನ್ರಿ?" ಎಲ್ಲರೂ ನಕ್ಕರು. ಚೀಟಿ ಎತ್ತಿದಾಗ ಮಾದರಿ ಮನೆ ಅವಳಿಗೇ ಬಂತು. ಮಳೆಗಾಲಕ್ಕೆ ಅದು ನಿಂತರೆ ಉಳಿದ ಮೂವತ್ತೊಂಬತ್ತು ಇದೇ ರೀತಿ, ನಿಲ್ಲದಿದ್ದರೆ ಕಾಂಕ್ರೀಟಿನ ಹದಿನೆಂಟು, ಉಳಿದವರು ತಗಡಿನ ಅಡಿಯಲ್ಲೇ ಇರಲಿ ಎಂದಾಯಿತು.

ನಿನಗೆ ವಾರದಲ್ಲಿ ಎರಡು ದಿನ ಮಾತ್ರ ಬರಲಾಗುತ್ತಿತ್ತು. ಮಿಕ್ಕ ದಿನ ಪ್ರೇಮಾ ನೋಡಿಕೊಳ್ಳಲಿ, ಅವಳಿದ್ದರೆ ನನಗೆ ಆನೆ ಬಲ ಎಂದೆ. ನಮ್ಮ ಮಾವನವರು ಇಲ್ಲವಾಗಿ ವರ್ಷವಾಗಿತ್ತು, ಯಾರೂ ಬೇಡ ಎನ್ನಲಿಲ್ಲ. ನಾನು ಹದಿನಾಲ್ಕು ವರ್ಷದ ಮೇಲೆ ಛತ್ರಿ ಹಿಡಿದು ಸೈಟಿಗೆ ಹೋದೆ. ಪ್ರತಿ ಅಟ್ಟಿಯ ಮೂಲೆಯ ಇಟ್ಟಿಗೆಯ ಮೇಲೆ ಕಪ್ಪು ಬಣ್ಣದಲ್ಲಿ ಒತ್ತಿದ ತಾರೀಖು ಬರೆಯುವುದು ನನ್ನ ಕೆಲಸ. ತಾರೀಖು ನೋಡಿ, ಇಪ್ಪತ್ತೊಂದು ದಿನ ಎಣಿಸಿ, ಇಮಾಮ್ ಸಾಬರು ಅಟ್ಟಿ ಬಿಚ್ಚುವುದು. ನಿಜ ಹೇಳುತ್ತೇನೆ, ಆ ಎರಡು ತಿಂಗಳು ನಾನು ಬದುಕಿದ್ದೆ. ಕಬ್ಬಿಣದ ನಡುವೆ ಹೆಂಚು ಎಷ್ಟು ದೂರಕ್ಕೆ ಕೂರಬೇಕು ಎಂದು ನಿನಗೆ ತಿಳಿಯದೆ ಕೇಳಿದಾಗ ನಾನೇ ಲೆಕ್ಕ ಮಾಡಿ ಕೊಟ್ಟೆ. ನೀನು ಅದನ್ನು ನಿನ್ನ ಪುಸ್ತಕಕ್ಕೆ ಬರೆದುಕೊಂಡೆ.

ಏಪ್ರಿಲ್ ಒಂಬತ್ತರಂದು ಪತ್ರಿಕೆಯಲ್ಲಿ ನಿನ್ನ ಚಿತ್ರ ಬಂತು. ಯಂತ್ರದ ಸನ್ನೆಗೋಲಿಗೆ ಕೈ ಕೊಟ್ಟು ನಿಂತಿದ್ದೀ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದೀ, ಚೆಂದ ಕಾಣುತ್ತೀ. ಚಿತ್ರದ ಅಂಚಿನಲ್ಲಿ ಯಾರದೋ ಮೊಳಕೈ ಇತ್ತು. ಬಳೆ ನೋಡಿ ನನ್ನದೆಂದು ಗುರುತು ಹಿಡಿದೆ. ಅದನ್ನೂ ಸಹಿಸುತ್ತಿದ್ದೆನೋ ಏನೋ. ಕೆಳಗೆ ನಿನ್ನ ಮಾತು ಹಾಕಿದ್ದರು. ಸೂರು ಎಂದರೆ ಜೋಳದ ರೊಟ್ಟಿ ಇದ್ದ ಹಾಗೆ, ಬಾಗಿಸಿದರೆ ಅಡಿಮೈ ಬಿರಿಯುತ್ತದೆ ಎಂದು ನೀನು ಅವರಿಗೆ ವಿವರಿಸಿದ್ದೆ. ನಮ್ಮೂರ ರೊಟ್ಟಿ, ನನ್ನ ಬುತ್ತಿಯ ರೊಟ್ಟಿ. ಎಲ್ಲಿ ಕಲಿತೆ, ಯಾರು ಹೇಳಿದರು ಎಂದು ಅರ್ಧ ಸಾಲೂ ಇರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ನಿರ್ಮಲಮ್ಮ ಪತ್ರಿಕೆ ಹಿಡಿದು ಬಂದು, ನಿನ್ ಗೆಳತಿ ಎಷ್ಟ್ ಶಾಣ್ಯಾಕಿ ನೋಡು ಎಂದರು. ಹೌದ್ರಿ ಎಂದೆ.

ಆವತ್ತು ಸಂಜೆ ಸೈಟಿಗೆ ಹೋದಾಗ ಹೊಸ ಅಟ್ಟಿಯೊಂದು ಎದ್ದಿತ್ತು. ಬಣ್ಣದ ಡಬ್ಬಿ ತೆರೆದು ಕುಂಚ ಅದ್ದಿದೆ. ಏಪ್ರಿಲ್ 9 ಎಂದು ಬರೆಯಬೇಕಾದಲ್ಲಿ ಮಾರ್ಚ್ 26 ಎಂದು ಬರೆದೆ. ಅಕ್ಷರ ಎಂದಿನಂತೆ ದುಂಡಗಿದ್ದವು.

ಗೋಡೆ ಬೀಳಲಿ ಎಂದಲ್ಲ, ವಾಣಿ. ಒಂದು ಬಿರುಕು ಬಿಡಲಿ, ನೀನು ಗಾಬರಿಯಿಂದ ಓಡಿ ಬರಬೇಕು, ಎಲ್ಲರ ಎದುರು ನನ್ನನ್ನು ಕೇಳಬೇಕು, ನಾನು ತಿದ್ದಿ ಕೊಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಬರೆದು ನೋಡಿದರೆ ಎಷ್ಟು ಸಣ್ಣದಾಗಿ ಕಾಣುತ್ತದೆ.

ವಾರ ಕಳೆದ ಮೇಲೆ ಹದಿನಾರಕ್ಕೆ ಆ ಅಟ್ಟಿಯ ಸರದಿ ಬಂತು. ನಿಜವಾಗಿ ಅದಕ್ಕೆ ಏಳೇ ದಿನ. ಇಮಾಮ್ ಸಾಬರು ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ತಾಗಿಸಿ ಕಿವಿಯ ಹತ್ತಿರ ಹಿಡಿದರು. "ಅಕ್ಕಾರೆ, ಇವು ಇನ್ನಾ ಹಸಿ ಅದಾವ್ರಿ. ಬಡಿದ್ರೆ ಸಪ್ಪಳನೇ ಬರವಲ್ದು" ಎಂದರು. ನಾನು ತಾರೀಖು ತೋರಿಸಿದೆ. ಅವರು ಮತ್ತೆ ತಲೆ ಅಲ್ಲಾಡಿಸಿದರು. ಆಗ ಆಳುಗಳೆಲ್ಲ ಕೇಳುವ ಹಾಗೆ, ಓದಲು ಬರದಿದ್ದರೆ ಬಿಡ್ರಿ, ಓದಿದವರ ಮಾತಾದರೂ ಕೇಳ್ರಿ ಎಂದುಬಿಟ್ಟೆ. ಮೂವತ್ತು ವರ್ಷ ಕರಣೆ ಹಿಡಿದ ಕೈ ಅದು. ಅವರು ಗಾರೆ ಕಲಸಲು ಹೇಳಿದರು. ಇಟ್ಟಿಗೆ ಉತ್ತರದ ಗೋಡೆಯ ಬುಡಕ್ಕೆ ಹೋದವು.

ಜೂನ್ ಐದರ ಮಳೆಗೆ ಏನಾಯಿತು ಎಂದು ನಿನಗೆ ಗೊತ್ತೇ ಇದೆ. ಬೆಳಿಗ್ಗೆ ನೋಡಿದರೆ ಮೊಣಕಾಲೆತ್ತರಕ್ಕೆ ಗೋಡೆಯ ಮೈ ಸುಲಿದು ಕೆಂಪು ರಾಡಿ ಅಂಗಳಕ್ಕೆ ಹರಿದಿತ್ತು. ಭಟ್ಟಿಯ ಜನ ಗುಂಪು ಕೂಡಿದ್ದರು. ರಾಮಚಂದ್ರಪ್ಪನವರು ಚಪ್ಪಲಿಯ ತುದಿಯಿಂದ ಒಂದು ಇಟ್ಟಿಗೆ ಕೆದಕಿದರು, ಅದು ಉದುರಿತು. ನೀನು ಹರಿಹರದಿಂದ ಓಡಿ ಬಂದೆ. ನಾನು ಎಣಿಸಿದ ಹಾಗೆಯೇ ಓಡಿ ಬಂದೆ. ಆದರೆ ನನ್ನನ್ನು ಕೇಳಲಿಲ್ಲ. ನನ್ನ ಭುಜಕ್ಕೆ ತಲೆ ಇಟ್ಟು, ಪ್ರೇಮಾ, ಸಿಮೆಂಟು ಹೊಡೆದುಬಿಟ್ಟರು ಕಣೆ ಎಂದೆ. ಅನುಮಾನ ಇಮಾಮ್ ಸಾಬರ ಮೇಲೆ ಹೋಗುವುದಕ್ಕೆ ಒಂದು ಗಳಿಗೆಯೂ ಹಿಡಿಯಲಿಲ್ಲ. ನನ್ನ ಮೇಲೆ ಬರುವ ದಾರಿಯೇ ಇರಲಿಲ್ಲ. ನಾನು ನಿನ್ನ ಬೆನ್ನು ಸವರುತ್ತ ನಿಂತೆ. ಆವತ್ತಿನ ನನ್ನ ಕೈಯನ್ನು ನೆನೆದರೆ ನನಗೇ ಹೇಸಿಗೆಯಾಗುತ್ತದೆ.

ನಿನ್ನ ಕಾಗದ ಬಂದ ಮೇಲೆ ಸೋಮವಾರವೇ ಇಮಾಮ್ ಸಾಬರನ್ನು ಹುಡುಕಿಕೊಂಡು ಹೋದೆ. ಮನೆಯ ಮುಂದೆ ಕುಳಿತು ಮೊಮ್ಮಗಳ ಜಡೆಯಿಂದ ಗೋಂದು ಬಿಡಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾತು ತೆಗೆದರು. ಆ ಅಟ್ಟಿ ಎದ್ದ ದಿನ ಮಣ್ಣಿನಲ್ಲಿ ಕಲ್ಲು ಸಿಕ್ಕಿ ಯಂತ್ರದ ಮೂಲೆ ಮುಕ್ಕಾಗಿತ್ತಂತೆ. ಮಾರನೆಯ ದಿನ ಮಧ್ಯಾಹ್ನ ಅದನ್ನು ತಿದ್ದಿಸುವ ತನಕ ಒತ್ತಿದ ಇಟ್ಟಿಗೆಗೆಲ್ಲ ಒಂದು ಮೂಲೆ ಮೊಂಡು. ಮಾರ್ಚಿನ ಇಟ್ಟಿಗೆಗೆ ಆ ಮೊಂಡು ಮೂಲೆ ಇರಲಾರದು; ತಾರೀಖು ತಪ್ಪೆಂದು ಅವರಿಗೆ ಮೊದಲಿನಿಂದಲೂ ಗೊತ್ತು. ವಾಣಿಯ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಬರದವ್ರು ನೀವು, ಓದಿದವ್ರು ನೀವು. ನಾ ಹೇಳಿದ್ರ ಯಾರ್ ನಂಬ್ತಾರ್ರಿ ಅಕ್ಕಾ" ಎಂದರು. ಸಿಟ್ಟು ಇರಲಿಲ್ಲ. ಒಳಗಿನಿಂದ ಚಹಾ ತರಿಸಿ ಕೊಟ್ಟರು. ಅದನ್ನು ಕುಡಿಯುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.

ಹೀಗಾಗಿ ಭಾನುವಾರ ನಾನು ಎದ್ದು ನಿಲ್ಲುವುದು ನಿಜ. ನೀನು ಕೇಳಿದ್ದನ್ನು ಹೇಳುವುದಿಲ್ಲ. ಇಟ್ಟಿಗೆ ಸರಿ ಇದೆ, ಸಿಮೆಂಟು ಸರಿ ಇದೆ, ಮೇಸ್ತ್ರಿ ಸರಿ ಇದ್ದಾರೆ, ತಾರೀಖು ಮಾತ್ರ ಸುಳ್ಳು, ಬರೆದವಳು ನಾನು ಎಂದು ಹೇಳುತ್ತೇನೆ. ನಿನ್ನ ಇಟ್ಟಿಗೆಯಲ್ಲಿ ದೋಷವಿಲ್ಲ ಎಂದು ಗೊತ್ತಾದರೆ ನಲವತ್ತು ಮನೆಯೂ ಏಳುತ್ತವೆ. ಕೆಟ್ಟದ್ದು ಒಂದೇ ಅಟ್ಟಿ, ಇನ್ನೂರು ಇಟ್ಟಿಗೆ, ಎಲ್ಲವೂ ಉತ್ತರದ ಗೋಡೆಯ ಬುಡದಲ್ಲಿವೆ. ಅಷ್ಟನ್ನು ಬಿಚ್ಚಿ ಕಟ್ಟಿದರೆ ಮುಗಿಯಿತು. ಮಳೆ ಬಿದ್ದ ಮೇಲೆ ನಾನಂತೂ ಆ ಮನೆಯೊಳಗೆ ಕಾಲಿಟ್ಟಿಲ್ಲ.

ಉಡಚಮ್ಮ ನಿನ್ನೆ ಸಂತೆಯಲ್ಲಿ ಸಿಕ್ಕಿದ್ದಳು. ಗೋಡೆ ಸುಲಿದರೂ ಅವಳಿಗೆ ಆ ಮನೆಯ ಮೇಲಿನ ಆಸೆ ಸುಲಿದಿಲ್ಲ. ಭಾನುವಾರ ಬೆಳಿಗ್ಗೆಯೇ ಹಾಲು ಉಕ್ಕಿಸುತ್ತಾಳಂತೆ. ಅವಳ ಗಂಡ ಗಿಡ್ಡಪ್ಪ ಭಟ್ಟಿಯ ಹೊಗೆ ಕುಡಿದು ಕುಡಿದು ಎದೆ ಕೆಟ್ಟು ಹಾಸಿಗೆ ಹಿಡಿದಿದ್ದಾನಲ್ಲ, ಎತ್ತಿ ಕೂರಿಸದೆ ಅವನಿಗೆ ಏಳಲಾಗದು. "ತಗಡಿನ ಅಡೀಗೆ ಬೆಂದಾನ್ರಿ ಅಕ್ಕಾ. ಒಳಗಿನ ಕೋಣ್ಯಾಗ ತಂಪೈತೆ, ಅಲ್ಲೇ ಮಂಚ ಹಾಕ್ತೀನಿ" ಎಂದಳು. ಮಂಡಕ್ಕಿಯ ಪೊಟ್ಟಣವೊಂದನ್ನು ನನ್ನ ಚೀಲಕ್ಕೆ ಹಾಕಿದಳು.

ಕ್ಷಮಿಸು ಎಂದು ಕೇಳುವುದಿಲ್ಲ. ಹೊಟ್ಟೆಕಿಚ್ಚು ಹೋಗಿದೆ ಎಂದೂ ಹೇಳುವುದಿಲ್ಲ, ಈಗಲೂ ಇದೆ. ನೀನು ಓದಿ, ತಲೆ ಎತ್ತಿ ನಿಮ್ಮ ಕಚೇರಿಯ ಸೂರು ನೋಡುತ್ತೀ ಎನ್ನುವುದನ್ನು ನೆನೆದರೆ ಆ ಕಚೇರಿಯ ಮೇಲೂ ಹೊಟ್ಟೆ ಉರಿಯುತ್ತದೆ. ಆದರೆ ರೊಟ್ಟಿಯ ಮಾತು ನಿನ್ನ ಬಾಯಲ್ಲಿ ನನಗಿಂತ ಚೆನ್ನಾಗಿ ಬಂದಿದೆ. ಅದನ್ನು ಓದಿ ಭಟ್ಟಿಯ ಹೆಂಗಸರಿಗೆ ಸೂರು ಅರ್ಥವಾಯಿತಂತೆ. ನಾನು ಅದನ್ನು ಹದಿನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ.

ಇಂತು ನಿನ್ನ ಗೆಳತಿಯೆಂದು ಬರೆಯಬಹುದೋ ಇಲ್ಲವೋ ತಿಳಿಯದ,

ಪ್ರೇಮಲತಾ

ತಾ. ಕ.: ಲಕೋಟೆಗೆ ಹಚ್ಚಿದ ಅಂಟು ಒಣಗುವ ಮೊದಲೇ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಒಂದೇ ಅಟ್ಟಿ ಎಂದು ಬರೆದದ್ದು ಸುಳ್ಳು. ಏಪ್ರಿಲ್ ಹತ್ತರ ಬೆಳಿಗ್ಗೆ ಒತ್ತಿದ ಅಟ್ಟಿಗೂ ಹಾಗೆಯೇ ಎರಡು ವಾರ ಹಿಂದಿನ ತಾರೀಖು ಬರೆದೆ. ಅವು ಒಳಗಿನ ಕೋಣೆಯಲ್ಲಿ ಬಾಗಿಲಿಗೂ ಕಿಟಕಿಗೂ ನಡುವೆ ಕಂಬದ ಹಾಗೆ ನಿಂತಿರುವ ಗೋಡೆಗೆ ಹೋಗಿವೆ. ಅಲ್ಲಿಗೆ ಮಳೆ ತಾಗುವುದಿಲ್ಲ, ಹಾಗಾಗಿ ಸುಲಿದಿಲ್ಲ, ಯಾರಿಗೂ ಕಾಣುವುದಿಲ್ಲ. ಕೋಣೆಯ ಸೂರಿನ ಅರ್ಧ ಭಾರ ಅದರ ಮೇಲಿದೆ. ಇದನ್ನು ಹೇಳಿದರೆ ಸೂರೇ ಇಳಿಸಬೇಕಾದೀತೆಂದು ಮುಚ್ಚಿಟ್ಟೆ. ಆ ಸೂರಿನ ಲೆಕ್ಕ ನನ್ನದು, ವಾಣಿ. ನಾನು ಈ ಜನ್ಮದಲ್ಲಿ ಕಟ್ಟಿದ್ದು ಅದೊಂದೇ. ಒಳಗೆ ಕಾಲಿಟ್ಟಿಲ್ಲ ಎಂದದ್ದೂ ಸುಳ್ಳು. ದಿನಾ ಮಧ್ಯಾಹ್ನ ಹೋಗಿ ಅದರ ಅಡಿಯಲ್ಲಿ ನೆಲದ ಮೇಲೆ ಮಲಗಿ ಬರುತ್ತೇನೆ. ಅಷ್ಟು ತಂಪಾಗಿದೆ. ನಿನ್ನೆ ಮಲಗಿದ್ದಲ್ಲಿಂದ ನೋಡಿದರೆ ಆ ಗೋಡೆಯ ಮೂರನೆಯ ಸಾಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಇವತ್ತು ಅದರೊಳಗೆ ಉಗುರು ಹೋಯಿತು. ಗಿಡ್ಡಪ್ಪನ ಮಂಚ ಅಲ್ಲಿಗೆ ಹೋಗಕೂಡದು. ಭಾನುವಾರದ ತನಕ ಕಾಯಬೇಡ, ಇದು ಕೈಸೇರಿದ ಕೂಡಲೇ ಬಾ. ಸೂರಿಗೆ ಎರಡೂ ಕಡೆ ಮರದ ಆಸರೆ ಕೊಟ್ಟು, ಆಮೇಲೆ ಒಂದೊಂದೇ ಇಟ್ಟಿಗೆ ಬಿಚ್ಚಬೇಕು. ಆ ಕೆಲಸ ಬರುವುದು ಇಮಾಮ್ ಸಾಬರೊಬ್ಬರಿಗೆ. ಕರೆಯಲು ನಾನು ಈಗ ಹೊರಟೆ. ಮೂಲೆಯ ಇಟ್ಟಿಗೆಯ ಒಳಮೈಯಲ್ಲಿ ಮಾರ್ಚ್ 27 ಎಂದು ನನ್ನ ಅಕ್ಷರ ಸಿಗುತ್ತದೆ, ಅದನ್ನು ಸಭೆಗೆ ತೆಗೆದಿಡು. ಈ ಕಾಗದದ ಮೇಲಿನ ತಾರೀಖು ಸರಿಯಾದದ್ದು.